ಹಜಾರದ ಪ್ರೊಜೆಕ್ಟರು ಮಾರಿದ್ದು

ನಮ್ಮ ಮನೆಗೆ ಮೊದಲ ಸಲ ಬಂದವರು ಯಾರೂ ‘ಚೆನ್ನಾಗಿದ್ದೀರಾ’ ಎಂದು ಕೇಳುತ್ತಿರಲಿಲ್ಲ. ‘ಇದೇನಿದು?’ ಎಂದೇ ಕೇಳುತ್ತಿದ್ದರು. ಕೆ.ಆರ್. ಪೇಟೆಯಲ್ಲಿ ನಮ್ಮದು ಬೀದಿಗೆ ಅಂಟಿಕೊಂಡ ಮನೆ. ಬಾಗಿಲು ತೆಗೆದರೆ ಹಜಾರ, ಹಜಾರದಲ್ಲಿ ಆಳೆತ್ತರದ ಹಳೇ ಕಾಲದ ಸಿನಿಮಾ ಪ್ರೊಜೆಕ್ಟರು. ಅದರ ಪಕ್ಕದಲ್ಲಿ ರೆಕ್ಟಿಫೈಯರ್ ಅನ್ನುವ ಕಬ್ಬಿಣದ ಪೆಟ್ಟಿಗೆ. ಕಂಬದ ಕರೆಂಟನ್ನು ಪ್ರೊಜೆಕ್ಟರಿಗೆ ಬೇಕಾದ ಹಾಗೆ ಬದಲಾಯಿಸಿ ಕೊಡುವುದು ಅದರ ಕೆಲಸವಂತೆ. ನಮ್ಮ ಮನೆಯಲ್ಲಿ ಅದು ಮಾಡಿದ ಕೆಲಸ ಏನೂ ಇಲ್ಲ. ಅವೆರಡೂ ಸೇರಿ ಹಜಾರ ನುಂಗಿದ್ದವು, ಉಳಿದ ಸಂದಿಯಲ್ಲಿ ನಾವು ಮೈ ಓರೆ ಮಾಡಿಕೊಂಡು ಒಳಗೆ ಹೋಗಬೇಕಾಗಿತ್ತು.

ನಾನು ರವಿಕೆ ಹೊಲಿಯುವವಳು. ಬೀದಿ ಕಡೆ ಮುಖ ಮಾಡಿದ ಅಂಥ ಹಜಾರ ಸಿಕ್ಕಿದ್ದರೆ ಬೇರೆ ಯಾರೇ ಆಗಲಿ ಅಂಗಡಿ ಇಡುತ್ತಿದ್ದರು. ನಾನು ಹೊಲಿದದ್ದು ಅಡುಗೆಮನೆಯ ಮೂಲೆಯಲ್ಲಿ, ಒಗ್ಗರಣೆ ಸಿಡಿಯುವ ಕಡೆ. ಅಳತೆ ಕೊಡಲು ಬಂದ ಹೆಂಗಸರು ಪ್ರೊಜೆಕ್ಟರಿನ ಹಿಂದೆ ಸೀರೆ ಮರೆ ಕಟ್ಟಿಕೊಂಡು ನಿಂತು, ಅದರ ಎಣ್ಣೆ ಸೆರಗಿಗೆ ಹತ್ತಿಸಿಕೊಂಡು, ‘ಇದ ಯಾವಾಗ್ ಸಾಗಾಕ್ತೀಯಕ್ಕಾ’ ಎಂದು ಗೊಣಗಿಕೊಂಡು ಹೋಗುತ್ತಿದ್ದರು. ಸಾಗಹಾಕುವ ಮಾತು ನಾನು ಆಡಿರಲಿಲ್ಲವೇ? ಆಡಿ ಆಡಿ ನಾಲಿಗೆಯೇ ಸವೆದಿತ್ತು.

ನಮ್ಮೆಜಮಾನರು ಆಚಾರಿಗಳ ಮನೆಯವರು. ಮಾವ ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ಬದುಕಿದವರು. ಇವರು ಉಳಿ ಹಿಡಿಯುವುದು ಬಿಟ್ಟು ಟಾಕೀಸಿನ ಆಪರೇಟರ್ ಆದರು. ಆಪರೇಟರ್ ಅಂದರೆ ದೊಡ್ಡ ಮನುಷ್ಯ ಎಂದು ನಮ್ಮಪ್ಪ ಹೆಣ್ಣು ಕೊಟ್ಟರು. ಆ ಕೆಲಸ ಎಂಥದ್ದು ಅಂತ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಆ ಪ್ರೊಜೆಕ್ಟರಿನ ಬೆಳಕು ತಾನಾಗಿ ಉರಿಯುವ ಬೆಳಕಲ್ಲ. ಎರಡು ಕಾರ್ಬನ್ ಕಡ್ಡಿಗಳನ್ನು ಎದುರುಬದುರು ಸಿಕ್ಕಿಸಿ, ಮೂತಿಗೆ ಮೂತಿ ಮುಟ್ಟಿಸಿ ಬಿಡಿಸಿದರೆ ನಡುವೆ ಬಿಳೀ ಬೆಂಕಿ ಹೊತ್ತುತ್ತದೆ. ಕಡ್ಡಿ ಉರಿದು ಸವೆಯುತ್ತಾ ಹೋದ ಹಾಗೆ ತಿರುಪು ತಿರುಗಿಸಿ ಅವನ್ನು ಹತ್ತಿರ ತರುತ್ತಲೇ ಇರಬೇಕು. ಒಂದು ಗಳಿಗೆ ಮರೆತರೆ ಪರದೆ ಕಪ್ಪಾಗುತ್ತದೆ, ಕೆಳಗಿನಿಂದ ಶಿಳ್ಳೆ, ಬೈಗುಳ ಶುರುವಾಗುತ್ತವೆ. ಹಾಗಾಗಿ ಆಪರೇಟರ್ ಆದವನು ಆ ಬೆಂಕಿಗೂಡಿನಂಥ ಕೋಣೆ ಬಿಟ್ಟು ಆಚೆ ಬರುವ ಹಾಗಿಲ್ಲ.

ನನಗೆ ಹೆರಿಗೆ ನೋವು ಬಂದಾಗ ಇವರು ಕಡ್ಡಿ ತಿರುಗಿಸುತ್ತಿದ್ದರು. ನಮ್ಮಪ್ಪ ತೀರಿಕೊಂಡ ದಿನ, ಮಣ್ಣಾದ ಮೇಲೆ ಬಂದರು. ನಮ್ಮ ಕಡೆಯ ಒಂದು ಮದುವೆಯನ್ನೂ ಇವರು ಕೊನೆತನಕ ನೋಡಿದ್ದಿಲ್ಲ. ಯಾರಾದರೂ ‘ಎಲ್ಲವ್ವಾ ನಿಮ್ಮೆಜಮಾನ್ರು?’ ಎಂದು ಕೇಳಿದರೆ ‘ಶೋ ಅದೆ’ ಅನ್ನುತ್ತಿದ್ದೆ. ಮಗಳೂ ಮಾತು ಕಲಿತಾಗ ಅದನ್ನೇ ಹೇಳಿದಳು, ‘ಅಪ್ಪಂಗೆ ಶೋ ಅದೆ’ ಅಂತ. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುವ ಗಾದೆ ನನಗೆ ಬಾಯಿಪಾಠವಾಗಿತ್ತು. ಆದರೂ ಪೂರಾ ಸಿಟ್ಟು ಮಾಡುವ ಹಾಗಿರಲಿಲ್ಲ, ಬಿಟ್ಟು ಬರಲಾಗದ ಕೆಲಸವನ್ನು ಬಿಟ್ಟು ಬಾ ಅನ್ನುವುದು ಹೇಗೆ?

ಕಡೆಗೆ ಟಾಕೀಸು ಮುಚ್ಚಿತು. ಊರೆಲ್ಲ ಅಯ್ಯೋ ಅಂದರೆ ನಾನು ಒಳಗೊಳಗೇ ಸಕ್ಕರೆ ತಿಂದೆ. ಇನ್ನಾದರೂ ಇವರು ನನ್ನ ಜೊತೆ ನಾಲ್ಕು ಕಡೆ ಬರುತ್ತಾರೆ ಅಂದುಕೊಂಡೆ. ಕಟ್ಟಡ ಕೆಡವುವಾಗ ಮಾಲೀಕರು ಒಂದು ಪ್ರೊಜೆಕ್ಟರನ್ನು ಗುಜರಿಗೆ ಹಾಕಿ, ಇನ್ನೊಂದನ್ನು ‘ನಿನ್ನ ಕೈಯಲ್ಲೇ ಇದ್ದದ್ದು, ನೀನೇ ತಗೊಂಡೋಗು’ ಎಂದು ಇವರಿಗೆ ಕೊಟ್ಟುಬಿಟ್ಟರು. ಎಂಟು ಜನ ಹೊತ್ತು ತಂದು ನನ್ನ ಹಜಾರದಲ್ಲಿ ಇಳಿಸಿದರು. ಆವತ್ತೇ ಇವರು ಹಚ್ಚಿ ನೋಡಲು ಹೋಗಿ ಬೀದಿಯ ಫ್ಯೂಸು ಹಾರಿಸಿದರು, ಬೀದಿಯವರೆಲ್ಲ ಬಾಗಿಲಿಗೆ ಬಂದು ನಮ್ಮ ಜನ್ಮ ಜಾಲಾಡಿದರು. ಮನೆ ಕರೆಂಟಿಗೆ ಅದು ಉರಿಯುವುದಿಲ್ಲ, ಪಂಪ್‌ಸೆಟ್ಟಿಗೆ ಕೊಡುವಂಥ ತ್ರೀ ಫೇಸ್ ಕರೆಂಟು ಬೇಕು ಅಂತ ಆಮೇಲೆ ಸಮಜಾಯಿಷಿ ಕೊಟ್ಟರು.

ಉರಿಯದಿದ್ದರೂ ಇವರನ್ನು ಬಿಡಲಿಲ್ಲ ಅದು. ಬೆಳಿಗ್ಗೆ ಎದ್ದರೆ ಒರೆಸುವುದು, ವಾರಕ್ಕೊಮ್ಮೆ ಎಣ್ಣೆ ಬಿಡುವುದು. ಉಳಿದಿದ್ದ ಕಾರ್ಬನ್ ಕಡ್ಡಿಗಳಿಗೆ ತೇವ ತಾಗಬಾರದೆಂದು ನನ್ನ ಹಳೇ ಸೀರೆಯಲ್ಲಿ ಸುತ್ತಿ, ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಬೀದಿಯಲ್ಲಿ ಗುಜರಿಯವನು ಕೂಗಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಮನೆಗೆ ಬೀಗ ಹಾಕಿ ಹೋದರೆ ಕಳ್ಳರು ಅದರ ಕನ್ನಡಿ, ತಾಮ್ರ ಕಿತ್ತುಕೊಂಡು ಹೋಗುತ್ತಾರೆ ಅನ್ನುವ ಭಯ. ನನ್ನನ್ನು ಕಾವಲಿಗೆ ಬಿಟ್ಟು ಹೋದರೆ ನಾನೇ ಗುಜರಿಯವನನ್ನು ಕರೆಯುತ್ತೇನೆ ಅನ್ನುವ ಭಯ ಅದಕ್ಕಿಂತ ಹೆಚ್ಚು. ಭಯ ಸುಳ್ಳೇನಲ್ಲ, ಕರೆದೇ ಕರೆಯುತ್ತಿದ್ದೆ.

ಮಗಳನ್ನು ನಾಗಮಂಗಲ ಕಡೆ, ದೇವಲಾಪುರಕ್ಕೆ ಕೊಟ್ಟಿದ್ದೇವೆ. ಅಲ್ಲಿಗೆ ಬೆಳಗಿನ ಬಸ್ಸಿಗೆ ಹೋದರೆ ಸಾಯಂಕಾಲದ ಬಸ್ಸಿಗೆ ವಾಪಸು. ಮೊಮ್ಮಗು ಹುಟ್ಟಿದಾಗಲೂ ಅಷ್ಟೇ. ನಾನೊಬ್ಬಳು ಉಳಿಯುತ್ತೇನೆ ಅಂದರೆ, ‘ನಂಗ್ ಅನ್ನ ಬೇಯ್ಸೋರ್ಯಾರು?’ ಅನ್ನುತ್ತಿದ್ದರು. ಮಗಳ ಮನೆಯಲ್ಲಿ ಒಂದು ರಾತ್ರಿ ತಲೆಯಿಟ್ಟು ಮಲಗದ ತಾಯಿ ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಬೀಗಿತ್ತಿ ಒಮ್ಮೆ ನಗುನಗುತ್ತಲೇ, ‘ನಮ್ಮನೆ ಚಾಪೆ ನಿಮ್ ಮೈಗೆ ಚುಚ್ತದೇನೋ’ ಅಂದುಬಿಟ್ಟಳು. ಬಸ್ಸಿನಲ್ಲಿ ಬರುವಾಗ ಇವರ ಪಕ್ಕ ಕೂತು ಕಿಟಕಿಗೆ ಮುಖ ಮಾಡಿ ಅತ್ತೆ. ಇವರು ಮನೆಯ ಬೀಗದ ಕೈ ಇದೆಯೋ ಎಂದು ಜೇಬು ತಡವಿ ನೋಡಿಕೊಂಡರು.

ಹೀಗಿರುವಾಗ ಮಗಳು ಅಳಿಯ ಹೊಸ ಮನೆ ಕಟ್ಟಿಸಿದರು. ಒಂದೂವರೆ ತಿಂಗಳಾಚೆಗೆ ಒಂದು ಗುರುವಾರ ಗೃಹಪ್ರವೇಶ, ಹಿಂದಿನ ದಿನ ಬುಧವಾರ ಸಂಜೆ ಹೋಮ. ಮಗಳು ಫೋನಿನಲ್ಲಿ ಒಂದೇ ಮಾತು ಅಂದಳು:

“ಅವ್ವಾ, ಈ ಸಲ ಇಬ್ರೂ ಬುಧವಾರನೇ ಬಂದು ಉಳ್ಕಬೇಕು. ತವರಿನೋರ ಮಣೆ ಖಾಲಿ ಬುಡಾಕಾಗಕಿಲ್ಲ. ಅಪ್ಪ ಬರ್ನಿಲ್ಲ ಅಂದ್ರೆ ನಾನಿನ್ನ ಆ ಮನೇಲಿ ಯಾರ್ ಮುಂದೂ ತಲೆ ಎತ್ತಾಕಿಲ್ಲ ಕಣವ್ವ.”

ನಾನು ಆವತ್ತೇ ತೀರ್ಮಾನ ಮಾಡಿದೆ. ಪ್ರೊಜೆಕ್ಟರು ಮನೆ ಬಿಡಬೇಕು. ಅದು ಹೋದರೆ ಇವರಿಗೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಕಾಯುವುದಕ್ಕೆ ಏನೂ ಇಲ್ಲದವನು ಹೆಂಡತಿಯ ಹಿಂದೆ ಬರಲೇಬೇಕು.

ದೇವರಂತೆ ಸಿಕ್ಕಿದವರು ಲಗೇಜ್ ಆಟೋ ಓಡಿಸುವ ಸಾಬರು. ಅವರು ಮೊದಲು ಇವರ ಟಾಕೀಸಿನಲ್ಲೇ ಗೇಟಿನಲ್ಲಿ ನಿಂತು ಟಿಕೆಟ್ಟು ಹರಿಯುತ್ತಿದ್ದವರು. ಇವರಿಗೆ ಹಳೇ ಗೆಳೆಯರು, ನನ್ನನ್ನು ಅಕ್ಕ ಅನ್ನುತ್ತಾರೆ. ಶ್ರೀರಂಗಪಟ್ಟಣದ ಹೊಳೆ ದಡದಲ್ಲಿ ಹೊಸದಾಗಿ ಒಂದು ರೆಸಾರ್ಟು ಆಗಿತ್ತು. ಅಲ್ಲಿಗೆ ಹಳೇ ಕಂಬ, ಗಾಡಿ ಚಕ್ರ, ಹಿತ್ತಾಳೆ ಹಂಡೆ ಸಾಗಿಸಿ ಬಂದ ಸಾಬರು ನನ್ನ ಹತ್ತಿರ ಗುಟ್ಟಾಗಿ ಹೇಳಿದರು:

“ಅಕ್ಕಾ, ಅಲ್ಲಿ ಪುರಾನಾ ಸಾಮಾನು ಅಂದ್ರೆ ಜಾನ್ ಬುಡ್ತಾವ್ರೆ. ನಮ್ ಟಾಕೀಸ್ ಮಿಷನ್ ವಿಷ್ಯ ಮ್ಯಾನೇಜರ್ ಕಿವೀಗ್ ಆಕಿವ್ನಿ. ಭಾಯೀನ ನೀವು ಒಪ್ಸಿ.”

ಭಾಯಿಯನ್ನು ಒಪ್ಪಿಸಲು ನಾನು ಮೂರು ದಿನ ಮಾತು ಬಿಟ್ಟೆ. ನಾಲ್ಕನೇ ದಿನ ಸಾರಿಗೆ ಉಪ್ಪು ಬಿಟ್ಟೆ. ಇವರು ಉಪ್ಪಿಲ್ಲದ ಸಾರು ಉಂಡು, ತಟ್ಟೆಯಲ್ಲೇ ಕೈತೊಳೆದು, “ಯಾರಾದ್ರೂ ಬಂದು ನೋಡ್ಲಿ ಬುಡು” ಅಂದರು.

ಮ್ಯಾನೇಜರು ಬಂದ. ಸಣ್ಣ ವಯಸ್ಸಿನ ಸಂಭಾವಿತ ಹುಡುಗ, ಬಾಗಿಲಲ್ಲೇ ಶೂ ಬಿಚ್ಚಿಟ್ಟ. ಪ್ರೊಜೆಕ್ಟರನ್ನು ಎಲ್ಲ ಕಡೆಯಿಂದಲೂ ಫೋನಿನಲ್ಲಿ ಹಿಡಿದುಕೊಂಡು, “ತುಂಬಾ ಚೆನ್ನಾಗಿದೆ ಅಂಕಲ್, ಖಂಡಿತ ತಗೋತೀವಿ” ಎಂದ. ನನ್ನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಆಗ ಇವರು ತಗಾದೆ ತೆಗೆದರು.

“ಉರಿಸ್ದೆ ಮಾರಾಕಿಲ್ಲ. ಒಂದ್ ಸಲ ಅಚ್ಚಿ ತೋರುಸ್ತೀನಿ. ನೋಡ್ಬುಟ್ಟು ಆಮ್ಯಾಕೆ ತಕ್ಕೊಂಡೋಗಿ.”

“ಅಂಕಲ್, ಅದು ಓಡಬೇಕು ಅಂತೇನಿಲ್ಲ. ನಮಗೆ ಹಾಲ್‌ನಲ್ಲಿ ನಿಲ್ಲಿಸೋಕೆ ಅಷ್ಟೇ.”

“ನಿಲ್ಸಾಕೆ ಇದೇನ್ ಮಾಸ್ತಿಕಲ್ಲಾ?”

ಸಾಬರು ನಡುವೆ ಬಾಯಿ ಹಾಕಿದರು. “ಯಾಕ್ ಭಾಯ್ ಜಿದ್ದು? ತಗೊಳ್ಳೋರ್ಗೇ ಬ್ಯಾಡ ಅಂದ್ಮೇಲೆ ನಿಮ್ಗ್ಯಾಕೆ?”

ಇವರು ಜಗ್ಗಲಿಲ್ಲ. ಹುಡುಗ ಎದ್ದು ಹೋಗಿಬಿಡುತ್ತಾನೆ ಎಂದು ನನಗೆ ಜೀವ ಹೋಯಿತು. ಅತ್ತ ದರಿ ಇತ್ತ ಪುಲಿ. ಹಚ್ಚದೆ ಇವರು ಕೊಡುವುದಿಲ್ಲ, ಹಚ್ಚಿದರೆ ಬೀದಿಯ ಫ್ಯೂಸು ಉಳಿಯುವುದಿಲ್ಲ. ತ್ರೀ ಫೇಸು ಎಲ್ಲಿಂದ ತರುವುದು? ಆಗ ನನ್ನ ತಲೆಗೆ ನಮ್ಮಣ್ಣನ ಬೋರ್‌ವೆಲ್ ಹೊಳೆಯಿತು. ಪಾಂಡವಪುರದಾಚೆ ತೊಣ್ಣೂರಿನ ಹತ್ತಿರ ಅಣ್ಣನಿಗೆ ಒಂದಿಷ್ಟು ಗದ್ದೆ ಇದೆ, ಗದ್ದೆಯಲ್ಲಿ ಪಂಪ್‌ಹೌಸ್ ಇದೆ, ಪಂಪ್‌ಹೌಸಿಗೆ ತ್ರೀ ಫೇಸ್ ಬರುತ್ತದೆ. ಶ್ರೀರಂಗಪಟ್ಟಣಕ್ಕೆ ಸಾಗಿಸುವಾಗ ಒಂದಿಷ್ಟು ಸುತ್ತಿಕೊಂಡು ಅಲ್ಲಿ ಇಳಿಸಿ ಹಚ್ಚಿ ತೋರಿಸಿ, ಹಾಗೇ ಸಾಗಿಸಿಬಿಟ್ಟರಾಯಿತು.

“ಅಚ್ಚಿ ತೋರ್ಸಾನ ಬುಡಿ,” ಅಂದೆ. ಮ್ಯಾನೇಜರಿಗೆ ತಮಾಷೆ ಅನ್ನಿಸಿರಬೇಕು, ಒಪ್ಪಿದ.

ಪರದೆಯನ್ನೂ ನಾನೇ ಹೊಲಿದೆ. ಎರಡು ಬಿಳೀ ಪಂಚೆ ಜೋಡಿಸಿ, ಸುತ್ತ ಕಪ್ಪು ಅಂಚು ಕೊಟ್ಟು, ಮೂಲೆಗಳಿಗೆ ಲಾಡಿ ಹಾಕಿದೆ. ಮಗಳ ಮದುವೆ ರವಿಕೆಯನ್ನೂ ನಾನು ಅಷ್ಟು ಉತ್ಸಾಹದಿಂದ ಹೊಲಿದಿರಲಿಲ್ಲ.

ಆ ವಾರ ತೊಣ್ಣೂರಿನ ಕಡೆಗೆ ತ್ರೀ ಫೇಸು ಹಗಲು ಪಾಳಿ. ಬೆಳಿಗ್ಗೆಯೇ ಪ್ರೊಜೆಕ್ಟರನ್ನು ಬಿಚ್ಚಿ ಸಾಬರ ಆಟೋಗೆ ಏರಿಸಿದೆವು. ಮುಂದೆ ಸಾಬರು, ಪಕ್ಕದಲ್ಲಿ ನಾನು, ಹಿಂದೆ ಪ್ರೊಜೆಕ್ಟರಿನ ತಲೆ ತಬ್ಬಿಕೊಂಡು ಇವರು. ಬೂಕನಕೆರೆ ದಾಟುವವರೆಗೂ ಇವರು ಪ್ರತಿ ಹಳ್ಳಕ್ಕೂ “ಮೆಲ್ಗೆ ಕಣ್ಲಾ, ಮೆಲ್ಗೆ” ಎಂದು ಕೂಗುತ್ತಲೇ ಇದ್ದರು. ನಾನು ಬಸುರಿಯಾಗಿದ್ದಾಗ ಎತ್ತಿನ ಗಾಡಿಯಲ್ಲಿ ತವರಿಗೆ ಹೋದದ್ದು ನೆನಪಾಯಿತು. ಆಗ ಮೆಲ್ಲಗೆ ಅಂದವರು ಯಾರೂ ಇರಲಿಲ್ಲ.

ಅಣ್ಣ ಬೀಗದ ಕೈ ಕೊಟ್ಟು ಪಾಂಡವಪುರಕ್ಕೆ ಕೆಲಸದ ಮೇಲೆ ಹೋಗಿದ್ದ. ಪಂಪ್‌ಹೌಸು ಅಂದರೆ ಒಂದು ಎಮ್ಮೆ ಕಟ್ಟುವಷ್ಟು ಜಾಗ. ಗೋಡೆಯ ಮೇಲೆ ಸ್ಟಾರ್ಟರು, ಫ್ಯೂಸು, ಮೂಲೆಯಲ್ಲಿ ಗೊಬ್ಬರದ ಮೂಟೆ. ಅಲ್ಲಿ ಪ್ರೊಜೆಕ್ಟರನ್ನು ಮತ್ತೆ ಜೋಡಿಸಿ, ರೆಕ್ಟಿಫೈಯರು ಇಟ್ಟು, ನನ್ನ ಪರದೆ ಕಟ್ಟಿ, ನಾಲ್ಕು ಜನ ನಿಂತರೆ ಉಸಿರಾಡಲು ಸರದಿ ನಿಲ್ಲಬೇಕಿತ್ತು. ಮ್ಯಾನೇಜರು ಶ್ರೀರಂಗಪಟ್ಟಣದಿಂದ ಕಾರಿನಲ್ಲಿ ಬಂದು, ಸಾಬರ ಆಟೋ ಹಿಂದೆಯೇ ಗದ್ದೆ ದಾರಿಯಲ್ಲಿ ನಿಲ್ಲಿಸಿದ. ಇವರು ಸ್ಟಾರ್ಟರು ಆಫ್ ಮಾಡಿ, ಅದರ ಮೇಲಿನ ಫ್ಯೂಸಿನಿಂದ ವೈರು ಎಳೆದು ರೆಕ್ಟಿಫೈಯರಿಗೆ ಕೊಟ್ಟರು. ಟಾಕೀಸಿನಿಂದ ತಂದ ತುಂಡು ಫಿಲ್ಮುಗಳನ್ನೆಲ್ಲ ಅಂಟಿಸಿ ಮಾಡಿದ್ದ ಒಂದು ರೀಲು ಏರಿಸಿದರು. ಬಾಗಿಲು ಮುಚ್ಚಿ ಅಂದರು. ಮುಚ್ಚಿದೆವು.

ಕಡ್ಡಿಗೆ ಕಡ್ಡಿ ತಾಗಿತು. ಚರ್ ಎಂದು ಸದ್ದಾಗಿ ಬೆಳಕು ಹೊತ್ತಿತು. ಇವರು ಹಿಡಿಕೆ ಎಳೆದರು, ಹಲ್ಲುಚಕ್ರಗಳು ಕಟಕಟ ತಿರುಗಿದವು, ನನ್ನ ಪರದೆಯ ನಟ್ಟನಡುವೆ ಚಿತ್ರ ಬಿತ್ತು. ಕರವಸ್ತ್ರದಷ್ಟು ಚಿತ್ರ! ಟಾಕೀಸಿನ ದೂರಕ್ಕೆ ಮಾಡಿದ ಗಾಜು, ಪಂಪ್‌ಹೌಸಿನಲ್ಲಿ ಅದು ಇನ್ನೆಷ್ಟು ದೊಡ್ಡದು ತೋರಿಸೀತು? ಆ ಕರವಸ್ತ್ರದೊಳಗೆ ಒಬ್ಬಳು ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳು, ಅವಳ ಅಳು ಮುಗಿಯುವ ಮೊದಲೇ ಒಬ್ಬ ಕುದುರೆಯಿಂದ ಬಿದ್ದ. ಸದ್ದಿಲ್ಲ, ಬರೀ ಕಟಕಟ. ಮ್ಯಾನೇಜರು “ವಾಹ್” ಎಂದ. ಸಾಬರು ಹಳೇ ಅಭ್ಯಾಸಕ್ಕೆ ಒಂದು ಶಿಳ್ಳೆ ಹೊಡೆದರು. ಮಾರಾಟ ಆಯಿತು ಎಂದು ನಾನು ಮನಸ್ಸಿನಲ್ಲೇ ದೇವಲಾಪುರಕ್ಕೆ ಬಟ್ಟೆ ಕಟ್ಟಿದೆ.

ಆಗ ಕರೆಂಟು ಹೋಯಿತು. ಹೋಗುವುದು ಮಾಮೂಲು, ಬಾಗಿಲು ತೆಗೆದು ಕಾದೆವು. ಒಂದಿಷ್ಟು ಹೊತ್ತಿಗೆ ಬಂತು. ಇವರು ಮತ್ತೆ ಕಡ್ಡಿ ಹಚ್ಚಿದರು. ಈ ಸಲ ಬೆಳಕು ಹಳದಿಗೆ ತಿರುಗಿ, ಮಿಣಕ್ ಮಿಣಕ್ ಎಂದು ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು.

“ಕಡ್ಡಿ ತ್ಯಾವ ಆಗವೆ,” ಅಂದರು ನನ್ನ ಕಡೆ ತಿರುಗಿ. “ಅಟ್ಟದ್ ಮ್ಯಾಗಿಂದ ಯಾವಾಗ್ ಎತ್ತಿಟ್ಟೆ ನೀನು?”

“ನಾನ್ಯಾಕ್ ಮುಟ್ಲಿ ನಿಮ್ ಕಡ್ಡೀನ? ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ!”

“ಸೀರೆಗೆ ಸುತ್ತಿದ್ದೆ. ಆ ಸೀರೇನೇ ತ್ಯಾವ ಇತ್ತೇನೋ.”

“ನನ್ ಸೀರೆ ಸುದ್ದಿಗೆ ಬರಬ್ಯಾಡಿ. ಅದೂ ನೀವು ತಂದಿದ್ದಲ್ಲ, ನಮ್ಮಣ್ಣ ಕೊಟ್ಟಿದ್ದು.”

ಹೀಗೆ ಜಗಳ ತವರಿನ ತನಕ ಹೋಯಿತು. ಮ್ಯಾನೇಜರು ಗೊಬ್ಬರದ ಮೂಟೆ ಮೇಲಿನ ಅಕ್ಷರ ಓದುತ್ತಾ ನಿಂತ. ಇವರು ಕಡ್ಡಿ ಬದಲಾಯಿಸಿದರು, ಕನ್ನಡಿ ಒರೆಸಿದರು, ರೆಕ್ಟಿಫೈಯರಿಗೆ ಎರಡೇಟು ಕೊಟ್ಟರು. ಬೆಳಕು ಕುಗ್ಗುತ್ತಲೇ ಇತ್ತು. ಅಷ್ಟರಲ್ಲಿ ಹೊರಗೆ ಒಂದಕ್ಕೆ ಹೋಗಿದ್ದ ಸಾಬರು ಕಿರುಚಿದರು:

“ಯಾ ಅಲ್ಲಾ! ಅಕ್ಕಾ, ನೀರು! ನೀರ್ ಬಂದ್ಬುಟ್ಟದೆ!”

ಓಡಿ ಬಂದು ನೋಡಿದರೆ ಬೋರಿನ ಪೈಪಿನಿಂದ ತೊಡೆಗಾತ್ರದ ನೀರು ದಬದಬ ಸುರಿಯುತ್ತಿದೆ. ಗದ್ದೆ ತುಂಬಿ, ಬದು ಒಡೆದು, ದಾರಿ ಪೂರಾ ಕೆಸರು. ಆಟೋ ಚಕ್ರ ಅರ್ಧ ಮುಳುಗಿದೆ, ಅದರ ಹಿಂದೆ ಮ್ಯಾನೇಜರ ಬಿಳೀ ಕಾರು ಎಮ್ಮೆ ಥರ ಕೂತಿದೆ.

ಆಗಿದ್ದಿಷ್ಟೇ. ನಮ್ಮ ಕಡೆ ಕರೆಂಟು ಯಾವ ಗಳಿಗೆಯಲ್ಲಿ ಬರುತ್ತದೋ ಹೋಗುತ್ತದೋ, ರೈತರು ಎದ್ದು ಬಂದು ಮೋಟರು ಹಾಕುವುದಕ್ಕೆ ಆಗುವುದಿಲ್ಲ. ಅದಕ್ಕೆ ಸ್ಟಾರ್ಟರಿಗೆ ಆಟೋ ಸ್ವಿಚ್ಚು ಅಂತ ಒಂದು ಸಿಕ್ಕಿಸಿರುತ್ತಾರೆ. ಕರೆಂಟು ಬಂದ ಕೂಡಲೇ ಅದೇ ಮೋಟರನ್ನು ಎಬ್ಬಿಸುತ್ತದೆ. ಹಾಕಿದ ಮೇಲೆ ಅದನ್ನು ಯಾರೂ ಆಫ್ ಮಾಡುವುದಿಲ್ಲ, ಇದೆ ಅನ್ನುವುದೇ ಮರೆತಿರುತ್ತಾರೆ. ಇವರು ಸ್ಟಾರ್ಟರಿನ ಗುಂಡಿ ಒತ್ತಿ ಆಫ್ ಮಾಡಿದ್ದರೇ ಹೊರತು ಆಟೋ ಸ್ವಿಚ್ಚು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೋಟರು ನೆಲದೊಳಗೆ, ಸದ್ದು ಕೇಳುವುದಿಲ್ಲ. ನಾವು ಒಳಗೆ ತೇವದ ಕಡ್ಡಿಗೆ ಜಗಳವಾಡುತ್ತಿದ್ದರೆ, ಅದು ಕರೆಂಟು ಎಳೆದುಕೊಂಡು ಹೊರಗೆ ಗದ್ದೆ ತುಂಬಿಸುತ್ತಿತ್ತು.

ಸಾಬರು ಟ್ರಾಕ್ಟರಿಗೆ ಫೋನು ಮಾಡಿದರು. ಕಬ್ಬಿನ ಕಾಲ, ಸುತ್ತಲಿನ ಟ್ರಾಕ್ಟರುಗಳೆಲ್ಲ ಕಬ್ಬು ತುಂಬಿಕೊಂಡು ಕಾರ್ಖಾನೆ ಮುಂದೆ ಸಾಲಿನಲ್ಲಿದ್ದವು. ‘ಸಂಜೀಕೆ ನೋಡಾನ’ ಎಂಬ ಉತ್ತರ ಬಂತು. ನಡೆದು ಹೋಗೋಣವೆಂದರೆ ದಾರಿಯಲ್ಲಿ ಮೊಣಕಾಲುದ್ದ ಕೆಸರು. ಪ್ರೊಜೆಕ್ಟರನ್ನು ಬಿಟ್ಟು ಇವರಂತೂ ಬರುವವರಲ್ಲ. ಹೀಗೆ ನಾವು ನಾಲ್ವರೂ ಆ ಗೂಡಿನಲ್ಲಿ ಸಿಕ್ಕಿಕೊಂಡೆವು. ಮೇಲೆ ಶೀಟು ಕಾಯುತ್ತಿತ್ತು. ನಾನು ತಂದಿದ್ದ ಚಿತ್ರಾನ್ನವನ್ನು ನಾಲ್ಕು ಪಾಲು ಮಾಡಿದೆ. ನನಗೆ ಅಳು ಬರುವಷ್ಟು ಸಿಟ್ಟು. ಇಷ್ಟೆಲ್ಲ ನೋಡಿದ ಮೇಲೆ ಈ ಹುಡುಗ ಕಾರು ಎತ್ತಿಸಿಕೊಂಡು ಹೋದವನು ತಿರುಗಿ ನೋಡುತ್ತಾನೆಯೇ? ಪ್ರೊಜೆಕ್ಟರು ಮತ್ತೆ ನನ್ನ ಹಜಾರಕ್ಕೇ ಬರುತ್ತದೆ, ಮಗಳ ಮಣೆ ಖಾಲಿಯೇ ಉಳಿಯುತ್ತದೆ ಅಂತ ಮನಸ್ಸು ಕುದಿಯುತ್ತಿತ್ತು.

ಆಟೋ ಸ್ವಿಚ್ಚು ಆಫ್ ಮಾಡಿದ ಮೇಲೆ ಕಡ್ಡಿ ಚೆನ್ನಾಗಿ ಉರಿಯಿತು. ಬೇರೆ ಕೆಲಸವೂ ಇರಲಿಲ್ಲವಲ್ಲ, ಇವರು ಅದೇ ರೀಲನ್ನು ಮತ್ತೆ ಮತ್ತೆ ಓಡಿಸಿದರು. ಮ್ಯಾನೇಜರು ಮೊದಮೊದಲು ಫೋನು ಮೇಲೆತ್ತಿ ಸಿಗ್ನಲ್ಲು ಹುಡುಕಿದ. ಆಮೇಲೆ ಫೋನು ಜೇಬಿಗಿಟ್ಟು ಇವರ ಪಕ್ಕ ಬಂದು ನಿಂತ. ಅದೇನು, ಇದೇನು ಎಂದು ಕೇಳಿದ. ಇವರು ಅವನ ಕೈಗೆ ತಿರುಪು ಕೊಟ್ಟು ಕಡ್ಡಿ ನೂಕುವುದನ್ನು ಹೇಳಿಕೊಟ್ಟರು. ಟಾಕೀಸಿಗೆ ಹಾವು ನುಗ್ಗಿದ್ದು, ರೀಲು ತಲೆಕೆಳಗಾಗಿ ಹಾಕಿ ಹೀರೋ ತಲೆ ಕೆಳಗೆ ಮಾಡಿ ಓಡಾಡಿದ್ದು, ಜನ ಅದಕ್ಕೂ ಚಪ್ಪಾಳೆ ತಟ್ಟಿದ್ದು, ಎಲ್ಲ ಹೇಳಿದರು. ಹೇಳಿ ಹೇಳಿ ನಕ್ಕರು. ನಾನು ಗೊಬ್ಬರದ ಮೂಟೆ ಮೇಲೆ ಕೂತು ಬಾಯಿ ಬಿಟ್ಟುಕೊಂಡು ನೋಡಿದೆ. ಇವರಿಗೆ ಅಷ್ಟು ಮಾತು ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆ ಕತೆಗಳಲ್ಲಿ ಒಂದನ್ನೂ ನನಗೆ ಹೇಳಿರಲಿಲ್ಲ.

ಸಂಜೆಯಾಗುತ್ತಾ ಬಂದಾಗ ಮ್ಯಾನೇಜರು ಅಂದ: “ಅಂಕಲ್, ಇದನ್ನ ಸುಮ್ನೆ ನಿಲ್ಲಿಸೋದು ಬೇಡ. ನೀವೂ ಬನ್ನಿ. ಶನಿವಾರ, ಭಾನುವಾರ ಬಂದವರಿಗೆ ಓಡಿಸಿ ತೋರಿಸಿ. ಊಟ, ರೂಮು ನಮ್ಮದು.”

ಇವರು ನನ್ನ ಮುಖ ನೋಡಿದರು. ನಾನು ಲೆಕ್ಕ ಹಾಕಿದೆ. ವಾರದಲ್ಲಿ ಎರಡು ದಿನ ಅದು ಇಟ್ಟುಕೊಳ್ಳಲಿ, ಉಳಿದ ದಿನ ಇವರು ನನ್ನವರು. ಗೃಹಪ್ರವೇಶಕ್ಕೆ ಇನ್ನೂ ಎರಡು ವಾರ ಇತ್ತು, ಅದು ಶನಿವಾರವೂ ಅಲ್ಲ, ಭಾನುವಾರವೂ ಅಲ್ಲ.

“ಓಗಿ, ಅದ್ಯಾಕ್ ನನ್ ಮಕ ನೋಡೀರಿ,” ಅಂದೆ. “ಆದ್ರೆ ಆ ಬುಧವಾರ ದೇವಲಾಪುರದಾಗ್ ಉಳ್ಕಬೇಕು. ಇವರಿಬ್ರ ಎದುರ್ಗೆ ಮಾತ್ ಕೊಡಿ.”

“ಅದ್ಕೇನಮ್ಮಿ, ಮಿಷನ್ನೇ ಮನೇಲಿಲ್ಲ ಅಂದ್ಮೇಲೆ ಬರ್ದೆ ಇನ್ನೇನ್ ಮಾಡ್ಲಿ? ಬತ್ತೀನಿ,” ಅಂದರು.

ಸಾಬರು, ಮ್ಯಾನೇಜರು ಇಬ್ಬರೂ ಸಾಕ್ಷಿ. ಕತ್ತಲಾಗುವ ಹೊತ್ತಿಗೆ ಟ್ರಾಕ್ಟರು ಬಂದು ಮೊದಲು ಕಾರು, ಆಮೇಲೆ ಆಟೋ ಎಳೆಯಿತು. ಪ್ರೊಜೆಕ್ಟರು ಇವರ ಸಮೇತ ಶ್ರೀರಂಗಪಟ್ಟಣದ ಕಡೆ ಹೋಯಿತು, ನಾನು ಪಾಂಡವಪುರದಲ್ಲಿ ಬಸ್ಸು ಹತ್ತಿ ಮನೆಗೆ ಬಂದೆ.

ಮರುದಿನವೇ ಹಜಾರ ತೊಳೆದು, ಹೊಲಿಗೆ ಮಿಷನ್ನು ತಂದು ಕಿಟಕಿ ಪಕ್ಕ ಹಾಕಿದೆ. ಬೀದಿಯವರು ಇಣುಕಿ ನೋಡಿ ಬಟ್ಟೆ ತಂದುಕೊಟ್ಟರು. ಬೆಳಕಿನಲ್ಲಿ ಕೂತು ಹೊಲಿಯುವ ಸುಖ ನನಗೆ ಆ ವಯಸ್ಸಿನಲ್ಲಿ ಗೊತ್ತಾಯಿತು. ಇವರು ಸೋಮವಾರ ಬರಬೇಕಾದವರು ಬರಲಿಲ್ಲ. ‘ಇನ್ನೊಸಿ ಸೆಟ್ ಮಾಡಾದದೆ’ ಅಂದರು ಫೋನಿನಲ್ಲಿ. ಆಮೇಲೆ ಒಂದು ದಿನ ಬಂದು ಬಟ್ಟೆ ತೆಗೆದುಕೊಂಡು ಸಂಜೆಗೇ ಹೊರಟರು. ವಾರದ ದಿನಗಳಲ್ಲೂ ಜನ ಬರುತ್ತಾರಂತೆ. ಊಟ ಅಲ್ಲೇ ಸಿಗುತ್ತಿದ್ದುದರಿಂದ ಅನ್ನ ಬೇಯಿಸುವವರ ಪ್ರಶ್ನೆಯೂ ಇರಲಿಲ್ಲ. ನಾನು ಬುಧವಾರದ ಮಾತು ನೆನಪಿಸಿದಾಗಲೆಲ್ಲ ‘ಊಂ, ಊಂ’ ಅಂದರು. ಆ ಊಂ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಬುಧವಾರ ಬೆಳಿಗ್ಗೆ ಮುಯ್ಯಿ ಸಾಮಾನು, ಇವರಿಗೊಂದು ಹೊಸ ಪಂಚೆ ಚೀಲಕ್ಕೆ ತುಂಬಿಕೊಂಡು ನೇರ ಶ್ರೀರಂಗಪಟ್ಟಣಕ್ಕೆ ಹೋದೆ. ಅಲ್ಲಿಂದ ಕೈಹಿಡಿದು ಎಳೆದುಕೊಂಡಾದರೂ ನಾಗಮಂಗಲದ ಬಸ್ಸು ಹತ್ತಿಸುವುದು ಅಂತ.

ರೆಸಾರ್ಟಿನ ಹಾಲಿನಲ್ಲಿ ಗಾಡಿ ಚಕ್ರ, ಹಂಡೆಗಳ ನಡುವೆ ನಮ್ಮ ಪ್ರೊಜೆಕ್ಟರು ಮಿರಮಿರ ಮಿಂಚುತ್ತಾ ನಿಂತಿತ್ತು. ಸುತ್ತ ಕೆಂಪು ಹಗ್ಗ ಕಟ್ಟಿದ್ದರು. ಹಗ್ಗದ ಒಳಗೆ ಇವರು. ಖಾಕಿ ಅಂಗಿ, ತಲೆಗೊಂದು ಟೋಪಿ. ಎದುರಿನ ಗೋಡೆ ಮೇಲೆ ದೊಡ್ಡದಾಗಿ ಅದೇ ಹೆಂಗಸು ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳು. ನನಗೇನೋ ಬೇರೆ ಅನ್ನಿಸಿತು. ಹೊಗೆ ಇಲ್ಲ, ಕಡ್ಡಿಯ ಚುರುಚುರು ಇಲ್ಲ. ನೋಡಿದರೆ ಪ್ರೊಜೆಕ್ಟರಿನ ಹಿಂದಿನಿಂದ ಒಂದು ಸಣ್ಣ ವೈರು ಬಂದು, ಮನೆಯ ಮಿಕ್ಸಿಯ ಹಾಗೆ, ಗೋಡೆಯ ಪ್ಲಗ್ಗಿಗೆ ಸೇರಿದೆ.

ಮ್ಯಾನೇಜರು ನನ್ನನ್ನು ಕಂಡು ಓಡಿ ಬಂದ. “ಬನ್ನಿ ಮೇಡಂ. ಕಾರ್ಬನ್ ಹೊಗೆಗೆ ಗೆಸ್ಟ್‌ಗಳು ಕೆಮ್ತಾ ಇದ್ರು. ಒಳಗೆ ಬಲ್ಬ್ ಹಾಕಿಸಿದ್ವಿ. ಅಂಕಲ್ಲೇ ನಿಂತು ಹಾಕಿಸಿದ್ರು. ಈಗ ಸ್ವಿಚ್ ಒತ್ತಿದ್ರೆ ಸಾಕು, ತಾನೇ ಓಡುತ್ತೆ.”

ಉರಿಸದೆ ಮಾರುವುದಿಲ್ಲ ಎಂದು ಹಟ ಹಿಡಿದವರು ಇವರೇ. ನಾನು ಹಗ್ಗದ ಹತ್ತಿರ ಹೋಗಿ, “ನಡೀರಿ, ಬಸ್ಸಿಗೆ ಒತ್ತಾಯ್ತು,” ಅಂದೆ.

“ಇವತ್ತೇ ಬುಧವಾರ್ವಾ?” ಎಂದು ಟೋಪಿ ಸರಿ ಮಾಡಿಕೊಂಡರು. “ಮಧ್ಯಾಹ್ನಕ್ಕೆ ಯಾವ್ದೋ ಸ್ಕೂಲ್ ಮಕ್ಳು ಬತ್ತಾವ್ರಂತೆ. ಎಂಗ್ ಬರ್ಲಿ ಏಳು?”

ಮ್ಯಾನೇಜರು ಪಾಪ, ಒಳ್ಳೆಯವನು. “ಅಂಕಲ್, ಹೋಗ್ಬನ್ನಿ. ಎರಡು ದಿನ, ಮೂರು ದಿನ, ಎಷ್ಟು ಬೇಕಾದ್ರೂ ಇದ್ದು ಬನ್ನಿ. ಸ್ವಿಚ್ ನಮ್ಮವರು ಯಾರಾದ್ರೂ ಹಾಕ್ತಾರೆ,” ಎಂದ.

ಇವರು ಅವನನ್ನು ನೋಡಿದರು. ನನ್ನನ್ನು ನೋಡಲಿಲ್ಲ. “ಇಲ್ಲ ಸಾರ್,” ಅಂದರು, “ಮಿಷನ್ ಬುಟ್ಟು ಬರಾಕಾಗಕಿಲ್ಲ.”

ನನಗೆ ಬಂದದ್ದು ಸಿಟ್ಟಲ್ಲ. ಸಿಟ್ಟಾಗಿದ್ದರೆ ಅಲ್ಲೇ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಇವರು ಹೇಳಿದ್ದ ಕಾರಣಗಳನ್ನು ಒಂದೊಂದಾಗಿ ಎಣಿಸಿದೆ. ಕಡ್ಡಿ ಸವೆಯುತ್ತದೆ, ಕಳ್ಳರು ಬರುತ್ತಾರೆ, ಗುಜರಿಯವನು ಬರುತ್ತಾನೆ, ಅನ್ನ ಬೇಯಿಸುವವರಿಲ್ಲ. ಅವೆಲ್ಲ ಈಗ ಒಂದೂ ಇರಲಿಲ್ಲ. ಯಾರೂ ಇವರನ್ನು ಹಿಡಿದಿರಲಿಲ್ಲ, ಹಗ್ಗವನ್ನು ಒಂದು ಕೈಯಲ್ಲಿ ಎತ್ತಿ ಬರಬಹುದಿತ್ತು. ಇಷ್ಟು ವರ್ಷ ಆ ಕಬ್ಬಿಣ ಇವರನ್ನು ನನ್ನಿಂದ ಹಿಡಿದಿಟ್ಟಿದೆ ಅಂತ ಅದನ್ನು ಶಪಿಸಿದ್ದೆ. ಅದರ ಮರೆಗೆ ನಿಂತವರು ಇವರೇ.

“ಆಂಟಿ, ಸ್ವಲ್ಪ ಸೈಡಿಗೆ ಬರ್ತೀರಾ? ಫೋಟೋ ತಗೋಬೇಕು.”

ಹಿಂದೆ ಯಾರೋ ಗಂಡ ಹೆಂಡತಿ ಫೋನು ಹಿಡಿದು ನಿಂತಿದ್ದರು. ನಾನು ಸರಿದೆ. ಇವರು ಪ್ರೊಜೆಕ್ಟರಿನ ಮೇಲೆ ಕೈಯಿಟ್ಟು, ಎದೆಯುಬ್ಬಿಸಿ, ಅವರಿಗೆ ನಕ್ಕರು. ಚೆಂದದ ನಗು. ಆ ನಗು ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ಅದು ಸುಳ್ಳಲ್ಲ. ಹೊಸ ಪಂಚೆಯನ್ನು ಚೀಲದಿಂದ ತೆಗೆದು ಹಗ್ಗದ ಕಂಬದ ಮೇಲಿಟ್ಟು ಹೊರಗೆ ಬಂದೆ.

ಪಾಂಡವಪುರ, ನಾಗಮಂಗಲ, ಅಲ್ಲಿಂದ ದೇವಲಾಪುರ. ಬಸ್ಸು ಬದಲಾಯಿಸುವಾಗೆಲ್ಲ ವಾಪಸು ಹೋಗಿಬಿಡೋಣ ಅನ್ನಿಸಿತು, ಆದರೆ ವಾಪಸು ಎಲ್ಲಿಗೆ? ಹೊಸ ಮನೆಯ ಮುಂದೆ ಶಾಮಿಯಾನ ಹಾಕಿದ್ದರು, ಹೋಮಕ್ಕೆ ಇಟ್ಟಿಗೆ ಜೋಡಿಸಿದ್ದರು, ಪಕ್ಕದಲ್ಲಿ ತವರಿನವರಿಗೆಂದು ಎರಡು ಮಣೆ ಹಾಕಿದ್ದರು. ಬೀಗಿತ್ತಿ ಜಗಲಿ ಮೇಲೆ ಕೂತು ನನ್ನ ಹಿಂದೆ ಯಾರು ಬರುತ್ತಾರೆ ಎಂದು ನೋಡಿದಳು. ಮಗಳು ಓಡಿ ಬಂದು ಚೀಲ ಇಸಿದುಕೊಂಡು, ಬೀದಿಯ ಕೊನೆತನಕ ಕಣ್ಣು ಹಾಯಿಸಿದಳು.

“ಅಪ್ಪ ಎಲ್ಲವ್ವಾ?”

“ಶೋ ಅದೆ ಕಣವ್ವಾ,” ಅಂದೆ, ಬೀಗಿತ್ತಿಗೂ ಕೇಳುವ ಹಾಗೆ. “ಮಕ್ಳೆಲ್ಲ ಬಂದವ್ರೆ. ಕಡ್ಡಿ ಉರೀತಾ ಅದೆ, ಒಂದ್ ಗಳಿಗೆ ಬುಟ್ರೂ ಆರೋಯ್ತದೆ. ಬರಾಕೇ ಆಗ್ನಿಲ್ಲ ಅಂತ ಕಣ್ಣಾಗ್ ನೀರಾಕ್ಕಂಡ್ರು.”

ಚಿಕ್ಕಂದಿನಿಂದ ಕೇಳಿದ ಮಾತು. ಮಗಳು ನಂಬಿದಳು.